ನೆಲದ ಅಳತೆಯಿಂದ ಪರದೆಯ ಚಿತ್ರಕ್ಕೆ: ನಿರ್ದೇಶಾಂಕ ಪರಿವರ್ತನೆಯ ವಿವೇಚನೆ

ಬೆಂಗಳೂರಿನಿಂದ ದೊಡ್ಡಬಳ್ಳಾಪುರ, ಮಾಕಳಿದುರ್ಗಗಳನ್ನು ದಾಟಿ ಉತ್ತರಕ್ಕೆ ಸಾಗುವ ರೈಲು ಗೌರಿಬಿದನೂರನ್ನು ಸೇರುವ ಮುನ್ನ ತೊಂಡೇಬಾವಿಯನ್ನು ಹಾದುಹೋಗುತ್ತದೆ. ಈ ಊರನ್ನೂ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳನ್ನೂ ಕಂಪ್ಯೂಟರಿನ ಪರದೆಯ ಮೇಲೆ ಒಂದೇ ನಕ್ಷೆಯಲ್ಲಿ ಬರೆಯಬೇಕೆಂದು ಭಾವಿಸೋಣ. ಸುಲಭವೆಂದು ತೋರುವ ಈ ಕಾರ್ಯದಲ್ಲಿ ನಿರ್ದೇಶಾಂಕ ಪರಿವರ್ತನೆಯ ಮುಖ್ಯ ತೊಡಕುಗಳೆಲ್ಲ ಅಡಗಿವೆ. ಆದುದರಿಂದಲೇ ನಾವು ಇದನ್ನು ಆರಿಸಿಕೊಂಡಿದ್ದೇವೆ.

ಅಕ್ಷಾಂಶ ರೇಖಾಂಶಗಳನ್ನೇ ನೇರವಾಗಿ ಚಿತ್ರಿಸಬಾರದೇಕೆ? ಈ ಸೀಮೆಯಲ್ಲಿ ಒಂದು ಅಂಶ ಅಕ್ಷಾಂಶವು ಸುಮಾರು 110.6 ಕಿಲೋಮೀಟರು, ಒಂದು ಅಂಶ ರೇಖಾಂಶವಾದರೋ ಸುಮಾರು 108.3 ಮಾತ್ರ. ಎರಡನ್ನೂ ಸಮವೆಂದೆಣಿಸಿದರೆ ನಕ್ಷೆಯು ಪೂರ್ವಪಶ್ಚಿಮವಾಗಿ ಶೇಕಡ ಎರಡರಷ್ಟು ಹಿಗ್ಗುತ್ತದೆ. ಆದಕಾರಣ ಮೀಟರುಗಳಲ್ಲಿ ಅಳೆಯುವ ಯು.ಟಿ.ಎಂ. ಪದ್ಧತಿಯನ್ನು ಅವಲಂಬಿಸುವುದು ವಾಡಿಕೆ. 2005ರ ರಾಷ್ಟ್ರೀಯ ನಕ್ಷಾ ನೀತಿಯಂತೆ ಭಾರತೀಯ ಸರ್ವೇಕ್ಷಣ ಇಲಾಖೆಯು ಸಾರ್ವಜನಿಕರಿಗೆ ಒದಗಿಸಿದ ನಕ್ಷಾಮಾಲೆಯೂ ಇದನ್ನೇ ಅನುಸರಿಸಿದೆ. ಇದರಲ್ಲಿ ಭೂಮಿಯನ್ನು ಆರಾರು ಅಂಶಗಳ ಪಟ್ಟಿಗಳಾಗಿ ವಿಭಾಗಿಸಿ, ಪ್ರತಿ ಪಟ್ಟಿಯ ನಡುಗೆರೆಗೆ 500 ಕಿಲೋಮೀಟರು ಎಂಬ ಬೆಲೆಯನ್ನು ಕೊಡುತ್ತಾರೆ.

ಇಲ್ಲಿಯೇ ನಮ್ಮ ಸೀಮೆಯ ವೈಚಿತ್ರ್ಯ. 43ನೆಯ ಪಟ್ಟಿಯು 78 ಅಂಶ ಪೂರ್ವರೇಖಾಂಶದಲ್ಲಿ ಮುಗಿಯುತ್ತದೆ. ತೊಂಡೇಬಾವಿ, ಗೌರಿಬಿದನೂರು, ಶಿಡ್ಲಘಟ್ಟಗಳು ಅದರೊಳಗಿವೆ. ಚಿಂತಾಮಣಿಯು ಗೆರೆಯನ್ನು ತುಸುವೇ ದಾಟಿ 44ನೆಯದರಲ್ಲಿದೆ. ಗೌರಿಬಿದನೂರಿನ ಪೂರ್ವಾಂಕ ಸುಮಾರು 773 ಕಿಲೋಮೀಟರಾದರೆ, ತನ್ನ ಪಟ್ಟಿಯಲ್ಲಿ ಚಿಂತಾಮಣಿಯದು ಸುಮಾರು 182. ಪಟ್ಟಿಯನ್ನು ಗಮನಿಸದೆ ಎರಡನ್ನೂ ಒಂದೇ ಹಾಳೆಯಲ್ಲಿ ಗುರುತಿಸಿದರೆ, ಅರುವತ್ತು ಕಿಲೋಮೀಟರು ಪೂರ್ವಕ್ಕಿರಬೇಕಾದ ಚಿಂತಾಮಣಿಯು ಅರಬ್ಬೀ ಸಮುದ್ರದಲ್ಲಿ ಮುಳುಗಿರುತ್ತದೆ! ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ; ಅಂಕಿಗಳು ಯಾವ ಚೌಕಟ್ಟಿಗೆ ಸೇರಿದವೆಂಬುದನ್ನು ಮರೆತದ್ದೇ ದೋಷ. ಚಿಂತಾಮಣಿಯನ್ನು 43ನೆಯ ಪಟ್ಟಿಗೆ ಪರಿವರ್ತಿಸಿದರೆ ಅದರ ಪೂರ್ವಾಂಕವು ಸುಮಾರು 831 ಆಗಿ ಸ್ವಸ್ಥಾನಕ್ಕೆ ಮರಳುತ್ತದೆ. ಇಂಥ ಘೋರ ಪ್ರಮಾದವು ಕಣ್ಣಿಗೆ ಬೀಳುತ್ತದೆ. ಅಪಾಯವಿರುವುದು ಕಣ್ಣಿಗೆ ಬೀಳದ ಪ್ರಮಾದಗಳಲ್ಲಿ: ಹಳೆಯ ನಕ್ಷೆಗಳ ಎವರೆಸ್ಟ್ ಗೋಲಾಭಕ್ಕೂ ಇಂದಿನ ಡಬ್ಲ್ಯು.ಜಿ.ಎಸ್. 84ಕ್ಕೂ ಇರುವ ಅಂತರವನ್ನು ಕಡೆಗಣಿಸಿದರೆ ಹೊಲದ ಎಲ್ಲೆಕಲ್ಲು ನೂರು ಮೀಟರಿಗೂ ಮಿಗಿಲಾಗಿ ಸರಿದು ನೆರೆಯವನ ಹೊಲದಲ್ಲಿ ನಿಲ್ಲುತ್ತದೆ.

ಇನ್ನು ಪರದೆ. 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಕಿಲೋಮೀಟರಿಗೆ 20 ಪಿಕ್ಸೆಲಿನಂತೆ 96 ಕಿಲೋಮೀಟರು ಅಗಲದ ಸೀಮೆಯು ಹಿಡಿಸುತ್ತದೆ. ಪರದೆಯ ಮೂಲಬಿಂದುವು ಮೇಲಿನ ಎಡಮೂಲೆಯಲ್ಲಿದ್ದು ಲಂಬಾಕ್ಷವು ಕೆಳಮುಖವಾಗಿರುವುದರಿಂದ ಉತ್ತರಾಂಕವನ್ನು ತಿರುಗುಮುರುಗು ಮಾಡಬೇಕು. ಆ ಮೂಲೆಯು ಪೂರ್ವಾಂಕ 740, ಉತ್ತರಾಂಕ 1530 ಆಗಿರಲಿ. ಗೌರಿಬಿದನೂರಿನ ಉತ್ತರಾಂಕ ಸುಮಾರು 1506. ಆಗ ಅದರ ಅಡ್ಡಳತೆ (773 − 740) × 20 = 660; ಕೆಳಮುಖದ ಅಳತೆ (1530 − 1506) × 20 = 480. ಪರದೆಯನ್ನು ಒತ್ತಿದ ಎಡೆಯಿಂದ ನೆಲದ ಸ್ಥಾನವನ್ನು ತಿಳಿಯಲು ಇದೇ ಸಮೀಕರಣಗಳನ್ನು ಹಿಮ್ಮುಖವಾಗಿ ಬಿಡಿಸಿದರೆ ಸಾಕು.

ವಿದ್ಯಾರ್ಥಿಗಳು ಎಡವುವುದು ಕ್ರಿಯೆಗಳ ಕ್ರಮದಲ್ಲಿ. ಗೌರಿಬಿದನೂರು ಇದ್ದಲ್ಲಿಯೇ ಇದ್ದು ಸುತ್ತಲಿನ ನಕ್ಷೆ ಇಮ್ಮಡಿಯಾಗಬೇಕಾದರೆ, ಮೊದಲು ಆ ಬಿಂದುವನ್ನು ಮೂಲಕ್ಕೆ ಸರಿಸಿ, ಹಿಗ್ಗಿಸಿ, ಪುನಃ ಸ್ವಸ್ಥಾನಕ್ಕೆ ಒಯ್ಯಬೇಕು. ಬರಿದೆ ಹಿಗ್ಗಿಸಿದರೆ ಅದು (1320, 960)ಕ್ಕೆ ಓಡಿಹೋಗುತ್ತದೆ. ಮಾತೃಕೆಗಳ ಗುಣಾಕಾರದಲ್ಲಿ ಕ್ರಮಪಲ್ಲಟವು ಸಲ್ಲದೆಂಬ ನಿಯಮವೇ ಇಲ್ಲಿ ಕಣ್ಣೆದುರು ಆಡುತ್ತದೆ. ಸ್ಥಾನಾಂತರವನ್ನೂ ಮಾತೃಕೆಯಲ್ಲಿಯೇ ಅಡಗಿಸಲೆಂದು ಪ್ರತಿ ಬಿಂದುವಿಗೂ 1 ಎಂಬ ಮೂರನೆಯ ನಿರ್ದೇಶಾಂಕವನ್ನು ಸೇರಿಸುವುದುಂಟು.

ನಕ್ಷೆಯನ್ನು ತೀರ ಹಿಗ್ಗಿಸಿದಾಗ ಮತ್ತೊಂದು ತೊಡಕು ತಲೆದೋರುತ್ತದೆ. ಉತ್ತರಾಂಕ 15,06,000 ಮೀಟರನ್ನು 32 ಬಿಟ್‌ಗಳ ಚರದಶಾಂಶದಲ್ಲಿ ಬರೆದರೆ, ಆ ಮಟ್ಟದ ಎರಡು ನೆರೆಸಂಖ್ಯೆಗಳ ನಡುವಣ ಅಂತರ 12.5 ಸೆಂಟಿಮೀಟರು. ಎಲ್ಲೆಕಲ್ಲು ಪರದೆಯ ಮೇಲೆ ನಡುಗತೊಡಗುತ್ತದೆ. ತೊಂಡೇಬಾವಿಯನ್ನೇ ಸ್ಥಳೀಯ ಮೂಲವಾಗಿಟ್ಟುಕೊಂಡು, ದೊಡ್ಡ ಅಂಕಿಗಳನ್ನು 64 ಬಿಟ್‌ಗಳಲ್ಲಿ ಮೊದಲೇ ಕಳೆದು, ಉಳಿದ ಚಿಕ್ಕ ಅಂಕಿಗಳನ್ನಷ್ಟೇ ಚಿತ್ರಣಕ್ಕೆ ಒಪ್ಪಿಸಿದರೆ ನಡುಕವು ನಿಲ್ಲುತ್ತದೆ.