ಮಾತಿಲ್ಲದ ಹಾಡು, ಹದಿನೈದು ಮನೆ

ಸಂಕ್ರಾಂತಿ ಕಳೆದು ವಾರವಾಗಿದೆ. ಹೊಳೆಮಣ್ಣೂರಿನ ಎರೆಹೊಲಗಳಲ್ಲಿ ಬಿಳಿಜೋಳ ತೆನೆ ಹೊತ್ತು ನಿಂತಿದೆ, ಕಡಲೆ ಹುಳಿ ಹಿಡಿದಿದೆ. ಊರ ಕಟ್ಟೆಯ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕೊಂದು ಬಿಚ್ಚಿಕೊಂಡಿದೆ. ಹಾಳೆ ಹಾರದಂತೆ ಒಂದು ಮಗ್ಗುಲಿಗೆ ಪವರ್ ಬ್ಯಾಂಕು, ಇನ್ನೊಂದು ಮಗ್ಗುಲಿಗೆ ಸುಲಿದು ತಿನ್ನಲು ಕಿತ್ತು ತಂದ ಕಡಲೆ ಗಿಡದ ಕಟ್ಟು. ಸುತ್ತ ಕೂತವರು ನಾಲ್ವರು. ಧಾರವಾಡದಲ್ಲಿ ಓದುವ ಇಬ್ಬರು ಹುಡುಗರು, ಗದಗಿನಲ್ಲಿ ಗಣಿತ ಓದುವ ಒಬ್ಬ ಹುಡುಗಿ, ಮತ್ತು ಅವಳ ಕಾಕಾನ ಮಗ. ಅವನಿನ್ನೂ ಪಿಯುಸಿ. ಅವನ ಪಾಲಿಗೆ ಬಂದ ಕೆಲಸ ಸ್ಪೀಕರ್ ಹಿಡಿದುಕೊಳ್ಳುವುದು.

ಅವರು ಹಾಕುತ್ತಿರುವುದು ಒಂದು ಮ್ಯೂಸಿಕ್ ವಿಡಿಯೊದ ಲೆಕ್ಕ. ಹಾಡು ಸಿದ್ಧವಾಗಿದೆ, ಧಾರವಾಡದ ಹುಡುಗರಲ್ಲಿ ಒಬ್ಬ ಹಾಸ್ಟೆಲಿನ ಮಂಚದ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಕಟ್ಟಿದ್ದು. ಇನ್ನೊಬ್ಬನದು ಕ್ಯಾಮೆರಾ. ಎಲೆಕ್ಟ್ರಾನಿಕ್ ತಂಬೂರಿಯ ಶ್ರುತಿಯಿಂದ ಶುರುವಾಗುತ್ತದೆ. ಅದರಡಿ ಜಾರುವ ಬಾಸ್, ಆಮೇಲೆ ಎದೆಗೆ ಗುದ್ದುವ ಕಿಕ್. ನಡುವೆ ಎಲ್ಲೋ ಕೇಳಿದಂತಿರುವ ಒಂದು ಚಪ್ಪಾಳೆಯ ಸದ್ದು. ಮಾತು ಒಂದೂ ಇಲ್ಲ. ಮಗ್ಗುಲಲ್ಲಿ ಎಲೆ ಮೆಲ್ಲುತ್ತಿದ್ದ ಅಜ್ಜ ಪೂರ್ತಿ ಕೇಳಿಸಿಕೊಂಡರು.

‘ಹಾಡಾಂವ ಯಾಂವಲೇ ತಮ್ಮಾ?’

‘ಯಾರೂ ಇಲ್ರಿ ಯಜ್ಜಾ.’

‘ಮತ್ತ ಹಾಡ ಎಲ್ಲೈತಿ?’

‘ಇದ ಹಾಡ್ರಿ.’

‘ಹಂಗಾರ ಏನ್ ತೋರಸ್ತೀರಿ ಇದಕ್ಕ?’

ಅಜ್ಜ ಕೇಳಿದ್ದೇ ಅಂದಿನ ಸಭೆಯ ವಿಷಯ. ಈ ಸೀಮೆಯ ಕಿವಿಗೆ ಎಲೆಕ್ಟ್ರಾನಿಕ್ ಸದ್ದು ಹೊಸದಲ್ಲ. ಕಬ್ಬಿನ ಟ್ರ್ಯಾಕ್ಟರಿನಿಂದ ಮದುವೆಯ ಮೆರವಣಿಗೆಯವರೆಗೆ ಡಿಜೆ ಜಾನಪದ ಗುಡುಗುತ್ತಲೇ ಇರುತ್ತದೆ. ಆದರೆ ಅಲ್ಲಿ ಮಾತೇ ಯಜಮಾನ. ಅತ್ತಿ ಮಗಳು ಎಂದರೆ ಅತ್ತೆಯ ಮಗಳು ಬಂದು ನಿಲ್ಲಬೇಕು, ಮೋಸ ಎಂದರೆ ಹುಡುಗ ಬೈಕಿಗೆ ಒರಗಿ ಅಳಬೇಕು. ಕ್ಯಾಮೆರಾ ಮಾತಿನ ಹಿಂದೆ ನಡೆದರೆ ಸಾಕು. ಮಾತು ತೆಗೆದುಬಿಟ್ಟರೆ ಕ್ಯಾಮೆರಾಕ್ಕೆ ದಾರಿ ತೋರುವವರಿಲ್ಲ, ತಡೆಯುವವರೂ ಇಲ್ಲ. ಮಂಜು, ಹೊಗೆ, ಮುಖ ಮುಚ್ಚಿದ ಒಬ್ಬ ಹುಡುಗ, ನಿಧಾನ ಹಾರುವ ಪಾರಿವಾಳ: ಏನು ಹಾಕಿದರೂ ನಡೆಯುತ್ತದೆ ಎನಿಸುತ್ತದೆ. ವಿದ್ಯಾರ್ಥಿಗಳ ಇಂಥ ಬಹಳಷ್ಟು ವಿಡಿಯೊಗಳು ಕೆಡುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ.

ಮಾತಿಲ್ಲದ ಸಂಗೀತದ ಬಗ್ಗೆ ಈ ನೆಲಕ್ಕೆ ಯಾರೂ ಪಾಠ ಹೇಳಬೇಕಿಲ್ಲ. ತಾಲ್ಲೂಕು ಕೇಂದ್ರವಾದ ರೋಣ ಭೀಮಸೇನ ಜೋಶಿಯವರು ಹುಟ್ಟಿದ ಊರು, 1922ರ ಫೆಬ್ರುವರಿ 4ರಂದು. ಅವರ ಆಲಾಪದಲ್ಲಿ ಎಷ್ಟೋ ಹೊತ್ತು ಮಾತೇ ಇರುತ್ತಿರಲಿಲ್ಲ, ಯಾರೂ ಎದ್ದು ಹೋಗುತ್ತಿರಲಿಲ್ಲ. ಹುಡುಗನ ಹಾಡಿನ ತಳದಲ್ಲಿರುವ ತಂಬೂರಿಯೂ ನಾಡಿನದೇ ಕಸುಬು. ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಗೆ ಶ್ರುತಿಪೆಟ್ಟಿಗೆಯನ್ನು ವಿದ್ಯುನ್ಮಾನಕ್ಕೆ ಇಳಿಸಿದ ಮೇಲೆ ಅದು ಕಚೇರಿಗಳಿಂದ ಹಳ್ಳಿಯ ಭಜನೆ ಮೇಳಗಳವರೆಗೂ ಬಂತು. ಇನ್ನು 1982ರಲ್ಲಿ ಮುಂಬೈನ ಚರಣಜಿತ್ ಸಿಂಗ್ ಜಪಾನಿನ ಸಿಂಥಸೈಜರುಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿ ಒಂದು ರೆಕಾರ್ಡು ತಂದರು. ಅಂದು ಕೇಳಿದವರು ಕಡಿಮೆ. ಎಷ್ಟೋ ವರ್ಷಗಳ ಮೇಲೆ ಅದನ್ನು ಮತ್ತೆ ಅಚ್ಚು ಹಾಕಿದಾಗ ಯುರೋಪಿನವರು ಬೆರಗಾದರು. ಈ ಹುಡುಗ ಹಾಸ್ಟೆಲಿನಲ್ಲಿ ರಾತ್ರಿ ಕೇಳುವುದು ಅದನ್ನೇ. ‘ಮಾಲಕಂಸ ಕೇಳ್ರಿ ಅದರಾಗ’ ಎಂದು ನನಗೂ ಶಿಫಾರಸು ಮಾಡಿದ.

ಹುಡುಗಿಯ ತಕರಾರು ರಾಗದ್ದಲ್ಲ, ಗಣಿತದ್ದು. ಹಾಡು ಮೊದಲು ನಿಮಿಷಕ್ಕೆ 120 ಬೀಟ್ ಇತ್ತು. ಒಂದು ಬೀಟಿಗೆ ಅರ್ಧ ಸೆಕೆಂಡು. ಚಿತ್ರ ಸೆಕೆಂಡಿಗೆ 25 ಫ್ರೇಮ್ ಎಂದರೆ ಬೀಟಿಗೆ ಹನ್ನೆರಡೂವರೆ ಫ್ರೇಮು. ಅರ್ಧ ಫ್ರೇಮಿಗೆ ಕತ್ತರಿ ಹಾಕಲು ಬರುವುದಿಲ್ಲ, ಆದ್ದರಿಂದ ಬೀಟಿಗೊಂದು ಕಟ್ ಇಟ್ಟರೆ ಒಂದು ಬಿಟ್ಟು ಒಂದು ಕೂದಲೆಳೆಯಷ್ಟು ತಪ್ಪುತ್ತದೆ. ಅವಳು 125 ಮಾಡು ಎಂದಳು. ಆಗ ಒಂದು ಬೀಟಿಗೆ 0.48 ಸೆಕೆಂಡು, ಸರಿಯಾಗಿ 12 ಫ್ರೇಮು. ‘ಐದು ಬೀಟಿಗೆ ನನ್ನ ಹಾಡಿನ ನಡಿಗಿನ ಬದಲಾಗತೈತಿ’ ಎಂದು ಹುಡುಗ ಮುನಿಸಿಕೊಂಡ. ಕೊನೆಗೆ ಬದಲಿಸಿದ, ಈಗ ಹಾಡು ಮೊದಲಿಗಿಂತ ಚೆನ್ನಾಗಿದೆ ಎಂದು ಅವನೇ ಹೇಳುತ್ತಾನೆ. ಅವಳು ಅದನ್ನು ಗೆಲುವೆಂದು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟಿದ್ದಾಳೆ.

‘ಮೊಬೈಲ್‌ನ್ಯಾಗ ಮೂವತ್ತ ಐತೆಲ್ಲ, ಇಪ್ಪತ್ತೈದ ಯಾಕ?’ ಎಂದ ಪಿಯುಸಿ ಹುಡುಗ. ನಮ್ಮ ಕರೆಂಟು 50 ಹರ್ಟ್ಸಿನದು, ಬಲ್ಬು ಸೆಕೆಂಡಿಗೆ ನೂರು ಸಲ ಮಿಣಕುತ್ತದೆ. ಕಣ್ಣಿಗೆ ಗೊತ್ತಾಗದು, 30 ಫ್ರೇಮಿಗೆ ಇಟ್ಟ ಫೋನಿಗೆ ಗೊತ್ತಾಗಿ ಚಿತ್ರದ ತುಂಬ ಪಟ್ಟೆ ಓಡಬಹುದು. 25 ಫ್ರೇಮು, 1/50 ಸೆಕೆಂಡಿನ ಷಟರ್ ಇಟ್ಟರೆ ಆ ಕಾಟವಿಲ್ಲ. ಜೊತೆಗೆ ಫೋನು ಬೆಳಕು ನೋಡಿ ತನ್ನ ಮನಸ್ಸಿಗೆ ಬಂದಂತೆ ಫ್ರೇಮ್ ಏರಿಳಿಸದಂತೆ ಬೀಗ ಹಾಕುವ ಆ್ಯಪ್ ಬೇಕು. ಇಷ್ಟನ್ನು ಅವಳು ಒಂದೇ ಉಸಿರಿಗೆ ಹೇಳಿ, ಹಾಳೆಯ ಮೇಲೆ ಹದಿನೈದು ಚೌಕ ಎಳೆದಳು. ಹಾಡು ಒಟ್ಟು 480 ಬೀಟು, ಅಂದರೆ ನಾಲ್ಕರಂತೆ 120 ಆವರ್ತ, ಸುಮಾರು 3 ನಿಮಿಷ 50 ಸೆಕೆಂಡು. ಎಂಟು ಆವರ್ತಕ್ಕೆ ಒಂದು ಮನೆ. ಮನೆಯೊಂದಕ್ಕೆ ಹದಿನೈದು ಸೆಕೆಂಡಿನ ಮೇಲೆ ಚೂರು. ಹದಿನೈದು ಮನೆ ತುಂಬಿದರೆ ವಿಡಿಯೊ ಆಯಿತು.

ತುಂಬುವುದು ಹೇಗೆ? ಕ್ಯಾಮೆರಾ ಹುಡುಗ ಫೋನಿನಲ್ಲಿ ‘ಸ್ಟಾರ್ ಗಿಟಾರ್’ ತೋರಿಸಿದ. ಕೆಮಿಕಲ್ ಬ್ರದರ್ಸ್ ಹಾಡಿಗೆ ಫ್ರಾನ್ಸಿನ ಮಿಷೆಲ್ ಗೊಂಡ್ರಿ 2002ರಲ್ಲಿ ಮಾಡಿದ್ದು. ರೈಲಿನ ಕಿಟಕಿ, ಹೊರಗೆ ಓಡುವ ಕಂಬ, ಗೋದಾಮು, ಸೇತುವೆ, ಅಷ್ಟೇ. ನೋಡುತ್ತ ಹೋದಂತೆ ಒಂದೊಂದು ಸದ್ದಿಗೆ ಒಂದೊಂದು ವಸ್ತು ನಿಗದಿಯಾಗಿದೆ ಎಂದು ತಿಳಿಯುತ್ತದೆ: ಆ ಸದ್ದು ಬಂದಾಗಲೆಲ್ಲ ಆ ಕಂಬ. ಗೊಂಡ್ರಿ ಮೊದಲು ಇದನ್ನು ಕಿತ್ತಳೆಹಣ್ಣು, ಫೋರ್ಕು, ಗ್ಲಾಸು ಸಾಲಾಗಿಟ್ಟು ಲೆಕ್ಕ ಹಾಕಿದ್ದರು. ಕೇಳಿದ್ದೇ ತಡ ಕಟ್ಟೆಯ ಮೇಲೂ ಜೋಡಣೆ ಶುರುವಾಯಿತು. ಕಿಕ್ಕಿಗೆ ಹಸಿ ಕಡಲೆ, ಚಪ್ಪಾಳೆಗೆ ಅಜ್ಜನ ಅಡಿಕೆ ಹೋಳು, ಬಾಸಿಗೆ ಒಂದು ಚಾರ್ಜರ್ ವೈರು. ಸಾಲು ಉದ್ದವಾಗುತ್ತಿದ್ದಂತೆ ಮೂರನೇ ಆವರ್ತದ ಲೆಕ್ಕ ತಪ್ಪಿತು. ಪಿಯುಸಿ ಹುಡುಗ ಎರಡು ಬೀಟ್ ಸುಲಿದು ತಿಂದಿದ್ದ.

ಹೊಳೆಆಲೂರಿನಲ್ಲಿ ರೈಲು ಹತ್ತಿ ಬಾದಾಮಿಯ ಕಡೆ ಮುಖ ಮಾಡಿದರೆ ತಮಗೂ ಒಂದು ಕಿಟಕಿ ಸಿಗುತ್ತದೆ ಎಂಬ ಮಾತು ಬಂತು, ನಕಲಾಗುತ್ತದೆ ಎಂದು ಬಿತ್ತು. ಪಟ್ಟದಕಲ್ಲು ಬಂತು, ಎಲ್ಲರ ಪ್ರಿ-ವೆಡ್ಡಿಂಗಿನಲ್ಲೂ ಅದೇ ಇದೆ ಎಂದು ಹೋಯಿತು. ಅಲ್ಲದೆ ಸ್ಟ್ಯಾಂಡ್ ಊರಿ ಚಿತ್ರೀಕರಿಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಹುಡುಗಿಯೇ ಅಡ್ಡ ಬಂದಳು: ಮೂರು ರೆಕ್ಕೆ, ನಿಮಿಷಕ್ಕೆ ಹದಿನೈದು ಸುತ್ತು ಹಿಡಿದರೂ 45 ರೆಕ್ಕೆ ದಾಟುತ್ತವೆ, 125ಕ್ಕೆ ಎಲ್ಲಿಯೂ ಕೂರುವುದಿಲ್ಲ. ಅದೇ ಊರಿನ ಕೈಮಗ್ಗಗಳು ಮಾತ್ರ ಪಟ್ಟಿಯಲ್ಲಿ ಉಳಿದವು. ಲಾಳಿ ಒಗೆಯುವವರು ಹಾಡು ಕೇಳಿ ತಮ್ಮ ಕೈ ಹೊಂದಿಸಿಕೊಂಡಾರು, ಗಾಳಿ ಕೇಳುವುದಿಲ್ಲ.

ನಿಜವಾದ ಜಗಳ ಎದ್ದದ್ದು ಆರನೇ ಮನೆಗೆ. ಅಲ್ಲಿ ಕಿಕ್ ಕಳಚಿ ಬರೀ ಶ್ರುತಿ ಉಳಿಯುತ್ತದೆ. ಕ್ಯಾಮೆರಾ ಹುಡುಗ ಹೊಳೆಯ ಕಡೆ ಬೆರಳು ಮಾಡಿ, ‘ಅಲ್ಲಿ ಬಿದ್ದ ಮನಿ ಅದಾವಲ್ಲ, ಹೊಗಿ ಬಿಟ್ಟು, ಒಬ್ಬಾಂವ ಮಾಸ್ಕ ಹಾಕ್ಕೊಂಡ ನಿಂತರ ಲುಕ್ ಭಾರಿ ಬರತೈತಿ’ ಎಂದ.

ಮಲಪ್ರಭೆಯ ದಂಡೆಯ ಊರುಗಳಲ್ಲಿ ಬಿದ್ದ ಮನೆ ಎಂದರೆ ಅದಕ್ಕೊಂದು ಇಸವಿ ಇರುತ್ತದೆ. ಮೇಲೆ ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟಾಗ, ಅದೇ ಹೊತ್ತಿಗೆ ಬೆಣ್ಣೆಹಳ್ಳವೂ ಉಕ್ಕಿ ಬಂದಾಗ, ರೋಣ, ನರಗುಂದದ ತಗ್ಗಿನ ಊರುಗಳಿಗೆ ಹೊಳೆ ಒಳಗೇ ಬರುತ್ತದೆ. 2009ರ ಮಳೆಗೆ ಮಣ್ಣಿನ ಗೋಡೆ, ಮಣ್ಣಿನ ಮೇಲ್ಮುದ್ದೆಯ ಮನೆಗಳು ನೆನೆದು ಕುಸಿದವು. ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಸಾಲುಮನೆಗಳೆದ್ದವು. 2019ರ ಆಗಸ್ಟಿನಲ್ಲಿ ಮತ್ತೆ ನೀರು. ಹೀಗಾಗಿ ಈ ದಂಡೆಯ ಮೇಲೆ ಕಲ್ಲು ಜಂತಿ ಕಳಚಿ ನಿಂತ ಹಳೆಯ ಗೋಡೆ ಯಾರದೋ ಅಡುಗೆಮನೆ, ಯಾರದೋ ದನದ ಕೊಟ್ಟಿಗೆ. ಹೊರಗಿನಿಂದ ಬಂದವರ ಕಣ್ಣಿಗೆ ಅದು ಚೆಂದದ ಹಾಳು.

ಹುಡುಗಿಯ ದೊಡ್ಡವ್ವ ಮೊರದಲ್ಲಿ ಕಾಳು ಹಸನು ಮಾಡುತ್ತ ಎಲ್ಲ ಕೇಳಿಸಿಕೊಂಡಿದ್ದಳು. ‘ಬೇಕಾರ ತಕ್ಕೊರ್ರಿ ಯಪ್ಪಾ. ಖರೆ ಒಳಗ ಚಪ್ಲಿ ಹಾಕ್ಕೊಂಡ ಹೋಗಬ್ಯಾಡ್ರಿ. ದೇವರ ಜಗಲಿ ಇತ್ತಲ್ಲಿ.’

ಹೊಗೆಯ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಆರನೇ ಮನೆಯಲ್ಲಿ ಹುಡುಗಿ ಬರೆದದ್ದು ಹೀಗೆ: ಹೊಸಲಿನ ಹೊರಗೆ ಐದು ಜೊತೆ ಚಪ್ಪಲಿ, ಕ್ಯಾಮೆರಾ ಸ್ಥಿರ, ಎಂಟು ಆವರ್ತ, ಕಟ್ ಇಲ್ಲ. ಐದನೇ ಜೊತೆ ಯಾರದೆಂದು ಕೇಳಿದ್ದಕ್ಕೆ ‘ದೊಡ್ಡವ್ವಂದು’ ಎಂದಳು. ಮಾತಿಲ್ಲದ ಹಾಡಿನಲ್ಲಿ ಈ ಮನೆ ಯಾರದು ಎಂದು ಹೇಳಬೇಕಾದದ್ದು ಚಿತ್ರವೇ. ಆ ಹದಿನೈದು ಸೆಕೆಂಡು ಉಳಿದೆಲ್ಲಕ್ಕಿಂತ ಗಟ್ಟಿ ಎಂದು ನನಗನಿಸಿತು, ಕ್ಯಾಮೆರಾ ಹುಡುಗನಿಗೆ ಇನ್ನೂ ಅನುಮಾನ.

ದೊಡ್ಡವ್ವನೇ ಒಂಬತ್ತನೇ ಮನೆಯನ್ನೂ ಕೆಡಿಸಿದಳು, ಅಥವಾ ಕಟ್ಟಿದಳು. ಹಾಡಿನ ನಡುವಿನ ಆ ಚಪ್ಪಾಳೆ ಅವಳು ರೊಟ್ಟಿ ಬಡಿಯುವ ಸಪ್ಪಳ. ಹಬ್ಬಕ್ಕೆ ಬಂದಾಗ ಹುಡುಗಿ ಫೋನಿನಲ್ಲಿ ಹಿಡಿದುಕೊಂಡು ಹೋಗಿದ್ದಳು. ಈಗ ಅದನ್ನು ಕಣ್ಣಿಗೂ ತೋರಿಸಬೇಕು, ಅದೂ ನಿಧಾನ ಚಲನೆಯಲ್ಲಿ. ಅದಕ್ಕೊಂದು ಹಳೆಯ ಉಪಾಯವಿದೆ: ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ, ಸೆಕೆಂಡಿಗೆ 50 ಫ್ರೇಮ್ ಹಿಡಿದು, ಆಮೇಲೆ ಅರ್ಧಕ್ಕೆ ಇಳಿಸುವುದು. ಹಿಟ್ಟು ತೇಲುತ್ತ ಬೀಳುತ್ತದೆ, ಕೈ ಮಾತ್ರ ತಾಳಕ್ಕೆ ಸರಿಯಾಗಿ ಬೀಳುತ್ತದೆ. ಪರೀಕ್ಷೆಗೆಂದು ಸ್ಪೀಕರಿನಲ್ಲಿ 250ರ ವೇಗ ಬಿಟ್ಟರು. ದೊಡ್ಡವ್ವ ನಕ್ಕು ನಕ್ಕು ಮೊರ ಕೆಳಗಿಟ್ಟಳು.

‘ಇದಕ್ಕ ಬಡದರ ರೊಟ್ಟಿ ಹರದ ಹೋಗತೈತಿ. ಮೊದಲ ಗಟ್ಟಿ ಬಡೀಬೇಕು, ತೆಳ್ಳಗಾದಂಗ ಕೈ ಹಗುರ ಬಿಡಬೇಕು. ರೊಟ್ಟಿ ನನ್ನ ಮಾತ ಕೇಳತೈತಿ, ನಿಮ್ಮ ಪೆಟಗಿ ಮಾತ ಕೇಳೂದಿಲ್ಲ.’

ಟ್ರ್ಯಾಕ್ ಕಟ್ಟಿದ ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಲ್ಯಾಪ್‌ಟಾಪಿನಲ್ಲಿ ಅವನು ಆ ಸಪ್ಪಳವನ್ನು ಕತ್ತರಿಸಿ, ಒಂದೇ ಅಳತೆಯ ಚೂರು ಮಾಡಿ, ಗೆರೆಗೆ ಅಂಟಿಸಿದ್ದ. ಏರಿಳಿತವೆಲ್ಲ ಹೋಗಿತ್ತು. ಕೊನೆಗೆ ಒಂಬತ್ತನೇ ಮನೆಗೆ ಹಾಡನ್ನೇ ಬಿಚ್ಚುತ್ತೇನೆ ಎಂದ. ಅಲ್ಲಿ ಯಂತ್ರದ ತಾಳ ನಿಲ್ಲುತ್ತದೆ, ಒಂದು ರೊಟ್ಟಿ ಹಲಗೆಯಿಂದ ಹಂಚಿಗೆ ಹೋಗುವಷ್ಟು ಹೊತ್ತು ಅವಳ ಕೈಯೇ ತಾಳ. 125, 12 ಫ್ರೇಮು ಎಂಬ ಗಣಿತಕ್ಕೆ ಅಲ್ಲಿ ರಜೆ. ಹುಡುಗಿ ಒಲ್ಲದ ಮನಸ್ಸಿನಿಂದ ಆ ಚೌಕದ ಅಂಚನ್ನು ರಬ್ಬರಿನಿಂದ ಅಳಿಸಿದಳು, ಎಷ್ಟು ಸೆಕೆಂಡಾಗುವುದೋ ರೊಟ್ಟಿಯನ್ನು ಕೇಳಬೇಕು ಎನ್ನುತ್ತ.

ಹೊಳೆಯ ಶಾಟಿಗೂ ಒಂದು ಗಣಿತ ಸಿಕ್ಕಿತು. ಜನವರಿಯ ಮಲಪ್ರಭೆ ಮುಳ್ಳುಜಾಲಿಗಳ ನಡುವೆ ಸಣ್ಣದಾಗಿ ಹರಿಯುತ್ತದೆ, ಮಡುವಿನ ಕಡೆ ಬಟ್ಟೆ ಒಗೆಯುವವರಿರುತ್ತಾರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರಾ ಅರವತ್ತು ಚಿಲ್ಲರೆ ಮೀಟರ್ ಆಚೆ ನಿಂತು ನೋಡಿದರೆ ಕಲ್ಲಿಗೆ ಬಟ್ಟೆ ಬಿದ್ದ ಮೇಲೆ ಸರಿಯಾಗಿ ಒಂದು ಬೀಟ್ ತಡವಾಗಿ ಸದ್ದು ಬರುತ್ತದೆ. ಹನ್ನೆರಡನೇ ಮನೆಗೆ ಇದು ಒಪ್ಪಿಗೆಯಾಯಿತು: ಕಾಣುವುದು ಮೊದಲ ಪೆಟ್ಟಿಗೆ, ಕೇಳುವುದು ಎರಡನೆಯದಕ್ಕೆ. ಅಷ್ಟು ಮೀಟರ್ ಹೆಜ್ಜೆ ಹಾಕಿ ಅಳೆಯುವ ಕೆಲಸ ಯಾರಿಗೆ ಬಂತೆಂದು ಹೇಳಬೇಕಿಲ್ಲ.

ಉಳಿದದ್ದು ಹಿಟ್ಟಿನ ಗಿರಣಿ. ಬೆಲ್ಟಿನ ಸುತ್ತು, ಬೆಳಕಿಂಡಿಯ ಬಿಸಿಲಲ್ಲಿ ಹಿಟ್ಟಿನ ದೂಳು, ಇಷ್ಟು ಸಿಕ್ಕರೆ ಕೊನೆಯ ಎರಡು ಮನೆ ತುಂಬುತ್ತವೆ. ಗಿರಣಿಯ ಕಾಕಾ ಒಪ್ಪಿದರು, ಒಂದು ಷರತ್ತಿನ ಮೇಲೆ. ಹೊರಗಿನ ಬೋರ್ಡು ಕಾಣಬೇಕು.

‘ಕಾಕಾ, ಇದರಾಗ ಅಕ್ಷರನ ಇಲ್ರಿ, ಬರೀ ಮ್ಯೂಸಿಕ್ಕು.’

‘ಇರ್ಲಿ, ನಂದೊಂದ ಇರ್ಲಿ. ಎಷ್ಟೊತ್ತ ತೋರಸ್ತೀರಿ?’

‘ಒಂದು ಆವರ್ತರಿ. ಎರಡು ಸೆಕೆಂಡಿಗೆ ಚೂರು ಕಮ್ಮಿ.’

‘ಅಷ್ಟರಾಗ ಯಾಂವ ಓದ್ತಾನ? ಫೋನ್ ನಂಬರೂ ಐತಿ ಅದರಾಗ.’

ಚೌಕಾಸಿ ಸಾಗಿತು. ನಾಲ್ಕು ಆವರ್ತಕ್ಕೆ, ನಂಬರು ಬಿಟ್ಟು ಬರೀ ಹೆಸರಿಗೆ ಎಂದು ಇತ್ಯರ್ಥವಾದ ಮೇಲೆ ಹುಡುಗಿ ಹದಿನೈದನೇ ಮನೆಯನ್ನು ನಡುವೆ ಸೀಳಿ ಗೆರೆ ಎಳೆದಳು. ಕಾಕಾ ಎದ್ದು ನಿಂತು, ನಾಳೆ ಬೆಳಿಗ್ಗೆ ಕರೆಂಟ್ ಹೋಗುವುದರೊಳಗೆ ಬರಬೇಕೆಂದೂ, ತಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡೇ ಗಿರಣಿ ಬಿಡುವುದೆಂದೂ ತಿಳಿಸಿದರು.