ಉಪಗ್ರಹದ ಪಾಠ ಕೇಳಿದ ಮೇಷ್ಟ್ರುಗಳು

ಬೆಂಗಳೂರಿಗೇ ಇನ್ನೂ ದೂರದರ್ಶನ ಕೇಂದ್ರ ಬಂದಿರದ ಕಾಲ. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಮಾತ್ರ ಮೂರು ಮೀಟರ್ ಅಗಲದ ಆಂಟೆನಾಗಳು ಆಕಾಶ ನೋಡುತ್ತ ನಿಂತಿದ್ದವು. ಅವಕ್ಕೆ ಹೊದಿಸಿದ್ದು ಕೋಳಿಗೂಡಿನ ತಂತಿಬಲೆ. ಅಮೆರಿಕದಿಂದ ಒಂದು ವರ್ಷಕ್ಕೆ ಎರವಲು ತಂದ ಎಟಿಎಸ್-6 ಉಪಗ್ರಹ 1975ರ ಆಗಸ್ಟ್ 1ರಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ತೋರಿಸತೊಡಗಿತು. ಇಸ್ರೊದ ಈ ಪ್ರಯೋಗದ ಹೆಸರು ‘ಸೈಟ್’. ಒಂದೇ ಚಿತ್ರ, ಧ್ವನಿ ಎರಡು: ಇಲ್ಲಿಯವರಿಗೆ ಕನ್ನಡ, ಆಂಧ್ರದವರಿಗೆ ತೆಲುಗು.

ಆ ಅಕ್ಟೋಬರಿನಲ್ಲಿ ಸುಮಾರು 24,000 ಪ್ರಾಥಮಿಕ ಶಾಲಾ ಶಿಕ್ಷಕರು ಟಿವಿ ಮುಂದೆ ಕೂತು ವಿಜ್ಞಾನ ಬೋಧನೆಯ ತರಬೇತಿ ಪಡೆದರು. ಆನ್‌ಲೈನ್ ತರಬೇತಿ ಕೊರೊನಾ ಕಾಲದ ಕೂಸು ಎನ್ನುವವರನ್ನು ಕಂಡರೆ ನನಗೆ ರೇಗುವುದು ಇದಕ್ಕೇ. ನನಗೆ ಹೆಚ್ಚು ಹಿಡಿಸುವುದು ಅದನ್ನು ಹೆಣೆದ ಬಗೆ. ಟಿವಿಯೊಂದಿಗೆ ರೇಡಿಯೊ ಪಾಠವಿತ್ತು, ಅಚ್ಚಾದ ಪುಸ್ತಿಕೆಗಳಿದ್ದವು. ಪಕ್ಕದಲ್ಲಿ ನಿಂತು ಪ್ರಯೋಗ ಮಾಡಿಸುವ ಮಾರ್ಗದರ್ಶಕರಿದ್ದರು. ಸೈಟ್ ಹಳ್ಳಿಯಲ್ಲಿ ಏನು ಬದಲಿಸಿತೆಂದು ತಿಳಿಯಲು ಸಮಾಜವಿಜ್ಞಾನಿಗಳು ಅಲ್ಲೇ ಬಿಡಾರ ಹೂಡಿದರು. ಕಲಿಸುವುದೂ ಕಲಿಸಿದ್ದನ್ನು ಪರೀಕ್ಷಿಸುವುದೂ ಜೊತೆಜೊತೆಗೇ ನಡೆದವು.

1976ರ ಜುಲೈ 31ಕ್ಕೆ ಎರವಲು ಮುಗಿಯಿತು. ಉಪಗ್ರಹ ಹೋಯಿತು, ಹಳ್ಳಿಯ ಮೇಷ್ಟ್ರುಗಳ ಆ ತರಗತಿಯೂ ಹೋಯಿತು.

ಮುಂದಿನದು ಬಹುಮಟ್ಟಿಗೆ ಕಡತಗಳ ಕಥೆ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಪೂರ್ವಭಾವಿ ಪ್ರಯೋಗಕ್ಕೆ ಆರಿಸಿಕೊಂಡ ವಿಶ್ವವಿದ್ಯಾಲಯಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಕೂಡ ಒಂದು. 2010ರಲ್ಲಿ ಆ ಉಪಗ್ರಹವೂ ನಿವೃತ್ತಿಯಾಯಿತು. 2017ರಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ‘ಸ್ವಯಂ’ ಬಂತು. ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳಿಗೆ ಹೊಸದಾಗಿ ಸೇರಿದ ಅಧ್ಯಾಪಕರಿಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಅದರಲ್ಲೇ ಎಂಟು ಮಾಡ್ಯೂಲ್‌ಗಳ ತರಬೇತಿ ಇಟ್ಟಿತು. ಏಳನೆಯದು ಸಮಸ್ಯೆ ಬಿಡಿಸುವುದು, ಹೊಸತನ, ಸಂಶೋಧನೆ ಕುರಿತದ್ದು.

ಸಂಶೋಧನೆ ಶುರುವಾಗುವುದು ತರಗತಿಯಲ್ಲೇ: ಲೇತ್ ಮುಂದೆ ನಿಂತ ಹುಡುಗ ಎಲ್ಲಿ ಎಡವುತ್ತಾನೆ, ಯಾಕೆ ಎಡವುತ್ತಾನೆ ಎಂದು ಕೇಳಿಕೊಳ್ಳಬೇಕಾದ ಮೊದಲ ಸಂಶೋಧಕ ಅವನ ಮೇಷ್ಟ್ರೇ. ಅದನ್ನು ವಿಡಿಯೊ ನೋಡಿ, ಪರೀಕ್ಷೆ ಬರೆದು ಪೂರ್ತಿ ಕಲಿಯಲಾಗದು. ವರ್ಕ್‌ಶಾಪಿನಲ್ಲಿ ಜೊತೆಗೆ ನಿಂತು ನೋಡುವ ಒಬ್ಬ ಹಿರಿಯರು ಬೇಕು. 1975ರವರು ಇಂಥ ಜನಕ್ಕೂ ಯೋಜನೆಯಲ್ಲೇ ಜಾಗ ಇಟ್ಟಿದ್ದರು. ಹೊಸ ಯೋಜನೆಗಳು ಉಳಿತಾಯದ ಹೆಸರಲ್ಲಿ ಕೈಬಿಡಬಾರದ್ದು ಅವರನ್ನೇ.