ನಡುಗುವ ನೆಲದ ಮೇಲೆ ನಿಲ್ಲುವ ವಿದ್ಯೆ

1993ರ ಸೆಪ್ಟೆಂಬರ್ 30. ನಸುಕಿನ ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿದ್ದವು. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತಲ ಹಳ್ಳಿಗಳು ಭೂಕಂಪಕ್ಕೆ ಸಿಕ್ಕಿ ನೆಲಸಮವಾದವು. ಪಕ್ಕದ ಬೀದರ್, ಕಲಬುರಗಿಗಳಲ್ಲೂ ನೆಲ ಅದುರಿತು. ಸಾವಿರಾರು ಜನ ಮಲಗಿದ್ದಲ್ಲೇ ಸತ್ತರು. ವಿಪರ್ಯಾಸವೆಂದರೆ, ಅಂದಿನ ಭೂಕಂಪ ವಲಯ ನಕ್ಷೆಯಲ್ಲಿ ಆ ಊರು ಇದ್ದುದು ಅತ್ಯಂತ ಕಡಿಮೆ ಅಪಾಯದ ಒಂದನೇ ವಲಯದಲ್ಲಿ!

ಅಷ್ಟೊಂದು ಸಾವಿಗೆ ನೆಲದ ನಡುಕವೊಂದೇ ಕಾರಣವಲ್ಲ. ಕೆಸರುಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಬಿಸಿಲಿನ ಝಳ ತಡೆಯಲು ಹೇರಿದ ಮಣ್ಣಿನ ಮಾಳಿಗೆ. ನಮ್ಮ ಉತ್ತರ ಕರ್ನಾಟಕದ ಹಳೆಯ ಮನೆಗಳೂ ಇದೇ ಬಗೆಯವು. ಬೇಸಿಗೆಯಲ್ಲಿ ತಂಪು, ಭೂಕಂಪದಲ್ಲಿ ಮೃತ್ಯು. ಭೂಕಂಪವನ್ನು ತಡೆಯಲಾಗದು. ಅದು ಯಾವ ದಿನ ಬರುತ್ತದೆಂದು ಹೇಳಬಲ್ಲ ವಿಜ್ಞಾನವೂ ಇಲ್ಲ. ಆದರೆ ಒಳಗಿರುವವರ ಮೇಲೆ ಬೀಳದಂತೆ ಮನೆ ಕಟ್ಟಬಹುದು. ಈ ವಿದ್ಯೆಯೇ ಭೂಕಂಪ ಎಂಜಿನಿಯರಿಂಗ್.

ರೂರ್ಕಿಯಲ್ಲಿ ಆರಂಭ

ಭಾರತದಲ್ಲಿ ಈ ವಿಷಯಕ್ಕೆ ನೆಲೆ ಒದಗಿಸಿದವರು ಪ್ರೊ. ಜೈಕೃಷ್ಣ. ಅವರ ಪ್ರಯತ್ನದಿಂದ 1960ರಲ್ಲಿ ರೂರ್ಕಿ ವಿಶ್ವವಿದ್ಯಾಲಯದಲ್ಲಿ ಭೂಕಂಪ ಎಂಜಿನಿಯರಿಂಗ್ ಸಂಶೋಧನೆ ಮತ್ತು ತರಬೇತಿ ಶಾಲೆ ಪ್ರಾರಂಭವಾಯಿತು. ಎರಡೇ ವರ್ಷಗಳಲ್ಲಿ, 1962ರಲ್ಲಿ, ಭೂಕಂಪ ನಿರೋಧಕ ವಿನ್ಯಾಸ ಕುರಿತ ದೇಶದ ಮೊದಲ ಮಾನಕ ಸಂಹಿತೆ ಹೊರಬಂತು. 2001ರಲ್ಲಿ ವಿಶ್ವವಿದ್ಯಾಲಯ ಐಐಟಿಯಾಯಿತು. ಅಂದಿನ ಶಾಲೆ ಇಂದು ಅಲ್ಲಿನ ಭೂಕಂಪ ಎಂಜಿನಿಯರಿಂಗ್ ವಿಭಾಗ. ಎರಡು ವರ್ಷಗಳ ಎಂ.ಟೆಕ್. ಮತ್ತು ಪಿಎಚ್.ಡಿ. ಅಧ್ಯಯನಕ್ಕೆ ಅಲ್ಲಿ ಅವಕಾಶವಿದೆ.

ರೂರ್ಕಿಯೊಂದೇ ದಾರಿಯಲ್ಲ. ಇತರ ಐಐಟಿಗಳಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಸಿವಿಲ್ ವಿಭಾಗದಲ್ಲಿದ್ದುಕೊಂಡೇ ಈ ವಿಷಯದತ್ತ ಹೊರಳಬಹುದು. ಹೈದರಾಬಾದಿನ ಐಐಐಟಿಯಲ್ಲಿ ಇದಕ್ಕೆಂದೇ ಒಂದು ಸಂಶೋಧನಾ ಕೇಂದ್ರವಿದೆ.

ಕಲಿಯುವುದೇನು?

ಗಾಳಿ ಕಟ್ಟಡವನ್ನು ಹೊರಗಿನಿಂದ ತಳ್ಳುತ್ತದೆ. ಭೂಕಂಪ ಹಾಗಲ್ಲ, ಅದು ಬುಡವನ್ನೇ ಎಳೆದಾಡುತ್ತದೆ. ಆಗ ಕಟ್ಟಡದ ಸ್ವಂತ ತೂಕವೇ ಅದಕ್ಕೆ ಶತ್ರು. ಚಾವಣಿ ಭಾರವಾದಷ್ಟೂ ಗೋಡೆಗೆ ಬೀಳುವ ಪೆಟ್ಟು ಹೆಚ್ಚು. ಈ ಲೆಕ್ಕವನ್ನು ಕಲಿಸುವುದು ರಚನಾ ಚಲನಶಾಸ್ತ್ರ.

ಎರಡನೆಯದು ಮಣ್ಣಿನ ವರ್ತನೆ. 1985ರ ಸೆಪ್ಟೆಂಬರ್ 19ರಂದು ಭೂಕಂಪ ಹುಟ್ಟಿದ್ದು ಮೆಕ್ಸಿಕೋ ನಗರದಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. ಆದರೂ ನಗರದ ನೂರಾರು ಕಟ್ಟಡಗಳು ಉರುಳಿದವು. ಏಕೆಂದರೆ ಅವು ನಿಂತದ್ದು ಹಳೆಯ ಸರೋವರದ ಮೆತ್ತನೆಯ ಜೇಡಿಯ ಮೇಲೆ. ಕೆರೆಯಂಗಳಗಳಲ್ಲಿ ಬಡಾವಣೆ ಎಬ್ಬಿಸಿರುವ ಬೆಂಗಳೂರಿಗೂ ಈ ಪಾಠ ಅಗತ್ಯ.

ಮೂರನೆಯದು ಕಬ್ಬಿಣ ಕಟ್ಟುವ ಕ್ರಮ. ಪಿಲ್ಲರಿನ ಕಂಬಿಗಳನ್ನು ಸುತ್ತುವ ರಿಂಗಿನ ತುದಿಯನ್ನು 90 ಡಿಗ್ರಿಗೆ ಬಾಗಿಸಿ ಬಿಟ್ಟರೆ ಜೋರು ಅಲುಗಾಟದಲ್ಲಿ ಅದು ಬಿಚ್ಚಿಕೊಳ್ಳುತ್ತದೆ. ಅದನ್ನು 135 ಡಿಗ್ರಿಗೆ ಬಾಗಿಸಿ ಒಳಗಿನ ಕಾಂಕ್ರೀಟಿಗೆ ಕಚ್ಚಿಸಬೇಕು. ಇದಕ್ಕೆ ತಗಲುವ ಹೆಚ್ಚಿನ ಖರ್ಚು ಅಲ್ಪ, ಉಳಿಯುವುದು ಜೀವ.

ಲೆಕ್ಕದ ಜೊತೆಗೆ ಪ್ರಯೋಗವೂ ಉಂಟು. ಕೃತಕವಾಗಿ ಭೂಕಂಪ ಉಂಟುಮಾಡುವ ಕಂಪನ ವೇದಿಕೆಯ ಮೇಲೆ ಮಾದರಿಗಳನ್ನಿಟ್ಟು ಪರೀಕ್ಷಿಸಲಾಗುತ್ತದೆ. ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ವಿದ್ಯುತ್ ಉಪಕರಣಗಳನ್ನೂ ಹೀಗೆ ಪರೀಕ್ಷೆಗೆ ಒಡ್ಡುತ್ತಾರೆ.

ಪ್ರವೇಶ, ಉದ್ಯೋಗ

ಸಿವಿಲ್ ಪದವೀಧರರಿಗೆ ‘ಗೇಟ್’ ಪರೀಕ್ಷೆಯೇ ಮುಖ್ಯ ಬಾಗಿಲು. ಅದರ ಅಂಕ ಮೂರು ವರ್ಷ ಊರ್ಜಿತ. ಅರ್ಹರಿಗೆ ಮಾಸಿಕ ಶಿಷ್ಯವೇತನವೂ ಸಿಗುವುದರಿಂದ ಪೋಷಕರ ಹೊರೆ ಕಡಿಮೆ. ಆದರೆ ಗಣಿತವೆಂದರೆ ದೂರ ಸರಿಯುವವರಿಗೆ ಈ ವಿಷಯ ಒಗ್ಗದು.

ಮುಂದೆ ಕೆಲಸ ಸಿಗುತ್ತದೆಯೇ? ತಂದೆತಾಯಿಯರ ಈ ಪ್ರಶ್ನೆ ಸಹಜ. ‘ಭೂಕಂಪ ಎಂಜಿನಿಯರ್ ಬೇಕಾಗಿದ್ದಾರೆ’ ಎಂಬ ಜಾಹೀರಾತು ಕಾಣಸಿಗುವುದು ಅಪರೂಪ. ಆದರೆ ಬಹುಮಹಡಿ ಕಟ್ಟಡಗಳ ವಿನ್ಯಾಸ ಸಂಸ್ಥೆಗಳು, ಅಣೆಕಟ್ಟು, ಸೇತುವೆ, ಮೆಟ್ರೊ ಹಾಗೂ ಅಣುಸ್ಥಾವರ ಯೋಜನೆಗಳಿಗೆ ಈ ತಿಳಿವಳಿಕೆ ಉಳ್ಳವರು ಬೇಕೇ ಬೇಕು. ಹಳೆಯ ಕಟ್ಟಡಗಳನ್ನು ಬಲಪಡಿಸುವ ಕೆಲಸ, ನಷ್ಟದ ಅಂದಾಜು ಮಾಡುವ ವಿಮಾ ರಂಗ, ಬೋಧನೆ ಇವೂ ಇವೆ.

ಬೋಧಕರ ಕೊರತೆ ಎಷ್ಟಿತ್ತೆಂಬುದು ಗುಜರಾತಿನಲ್ಲಿ ಬಯಲಾಯಿತು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಇನ್ನೂರು ಕಿಲೋಮೀಟರಿಗೂ ಆಚೆಯಿದ್ದ ಅಹಮದಾಬಾದಿನಲ್ಲಿ ವಸತಿ ಸಮುಚ್ಚಯಗಳು ಕುಸಿದವು. ಹಲವು ಕಡೆ ಕೆಳಮಹಡಿಯಲ್ಲಿ ಗೋಡೆಗಳಿರಲಿಲ್ಲ, ವಾಹನ ನಿಲುಗಡೆಗೆಂದು ಬರೀ ಪಿಲ್ಲರುಗಳನ್ನು ನಿಲ್ಲಿಸಲಾಗಿತ್ತು. ಅವನ್ನು ಕಟ್ಟಿದವರು ಅನಕ್ಷರಸ್ಥರಲ್ಲ. ಆದರೆ ಅವರು ಓದಿದ ಪಠ್ಯದಲ್ಲಿ ಭೂಕಂಪಕ್ಕೆ ಸರಿಯಾದ ಜಾಗ ಸಿಕ್ಕಿರಲಿಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಿಗೆ ಈ ವಿಷಯ ಕಲಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ ಕೈಗೊಂಡಿದ್ದು ಇದಾದ ಮೇಲೆ.

ಆಸಕ್ತಿಯಿರುವ ವಿದ್ಯಾರ್ಥಿಗಳು ಅರ್ಜಿ ಹಾಕುವ ಮೊದಲು ಪ್ರೊ. ಸಿ.ವಿ.ಆರ್. ಮೂರ್ತಿ ಬರೆದ ‘ಅರ್ಥ್‌ಕ್ವೇಕ್ ಟಿಪ್ಸ್’ ಓದಿನೋಡಬಹುದು. ಎರಡೆರಡು ಪುಟಗಳ ಈ ಸರಳ ಪಾಠಗಳನ್ನು ಐಐಟಿ ಕಾನ್ಪುರ ಉಚಿತವಾಗಿ ಒದಗಿಸುತ್ತಿದೆ. ಮನೆ ಕಟ್ಟಿಸುವ ಯೋಚನೆಯಲ್ಲಿರುವ ಪೋಷಕರೂ ಮಕ್ಕಳ ಜೊತೆ ಕುಳಿತು ಓದಿದರೆ ನಷ್ಟವೇನಿಲ್ಲ.